ಅಕ್ಕನ ಗೋಡೆಯ ಮೇಲಿನ ಮುಂಡರಗಿ

ಅಕ್ಕ ನನಗೆ ಕೊಟ್ಟಿದ್ದು ಒಂದು ಪ್ರಶ್ನೆ ಕೇಳಿಕೊಂಡು ಬರುವ ಕೆಲಸ. ನಾನು ಕೇಳಲಿಲ್ಲ. ಕೇಳಿದೆ ಎಂದು ಬಂದು ಹೇಳಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಅಕ್ಕನ ಕಥೆ ಶುರು ಮಾಡಿದರೆ ನೀವು ನಗುತ್ತೀರಿ, ಇಂಥ ಅಕ್ಕನನ್ನು ಸಂಭಾಳಿಸಿದ ತಮ್ಮ ಎಷ್ಟು ತಾಳ್ಮೆಯವನಿರಬೇಕು ಅಂದುಕೊಳ್ಳುತ್ತೀರಿ. ಬೆಟಗೇರಿಯ ನಮ್ಮ ಓಣಿಯವರು ಹಾಗೇ ಅಂದುಕೊಂಡಿದ್ದಾರೆ.

ನಿಮ್ಮ ಮನೆಗೆ ಯಾರಾದರೂ ಬಂದರೆ ಏನು ಹೇಳುತ್ತೀರಿ? ಬರ್ರಿ, ಕುಂಡ್ರಿ, ನೀರು ಕುಡೀರಿ. ನಮ್ಮ ಅಕ್ಕ ಇದರ ಜೊತೆಗೆ ಇನ್ನೊಂದು ಸೇರಿಸುತ್ತಾಳೆ: ಬಾಯಿ ತೆಗೀರಿ. ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಹಲ್ಲಿನ ನಡುವೆ ಇಡಬೇಕು. ಬೆರಳು ಹೋದರೆ ಚಹಾ. ಹೋಗದಿದ್ದರೆ ಮೊದಲು ಬೈಗುಳ, ಆಮೇಲೆ ಚಹಾ. ಗುಟಕಾ, ತಂಬಾಕು ತಿನ್ನುವವರ ಗಲ್ಲ ಒಳಗಿನಿಂದ ಬಿಗಿದುಕೊಂಡು ಬಾಯಿ ತೆರೆಯದಂತಾಗುತ್ತದೆ, ಕ್ಯಾನ್ಸರ್ ಒಳಗೆ ಬರಲು ಅದೇ ಹಾದಿ ಎಂದು ಯಾವುದೋ ಡಾಕ್ಟರು ಅವಳಿಗೆ ಹೇಳಿದ್ದರು. ಕರೆಂಟ್ ಬಿಲ್ಲು ಕೊಡಲು ಬಂದವನೂ ನಮ್ಮ ಬಾಗಿಲಲ್ಲಿ ಬೆರಳು ಕಚ್ಚಿಕೊಂಡು ನಿಂತಿದ್ದಾನೆ. ಈಗೀಗ ಅವನು ಬಿಲ್ಲನ್ನು ಕಿಟಕಿಯಿಂದ ಒಳಗೆ ಎಸೆದು ಹೋಗುತ್ತಾನೆ.

ಇದೆಲ್ಲ ಶುರುವಾಗಿದ್ದು ಅಕ್ಕನ ಗಂಡನಿಂದ. ಅವರು ಲಕ್ಷ್ಮೇಶ್ವರದವರು, ಒಳ್ಳೆಯ ಮನುಷ್ಯ. ಬಾಯಿ ತುಂಬ ತಂಬಾಕು ಇರುತ್ತಿದ್ದುದರಿಂದ ಯಾರಿಗೂ ಎದುರು ಮಾತಾಡುತ್ತಿರಲಿಲ್ಲ. ಹಾಗಾಗಿ ಬಹಳ ಶಾಂತ ಸ್ವಭಾವದವರು ಎಂದು ಊರಲ್ಲಿ ಹೆಸರಾಗಿತ್ತು. ಅವರ ನಾಲಿಗೆಯ ಬದಿಗೆ ಹುಣ್ಣಾಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದಾಗ, ಅಲ್ಲಿ ಹೊರಗೆ ಕಾಯುವ ಜಾಗದಲ್ಲಿ ಗೋಡೆಗೆ ದೇಶದ ನಕಾಶೆ ಹಾಕಿದ್ದರು. ಬಾಯಿ ಕ್ಯಾನ್ಸರಿನಿಂದ ಎಲ್ಲಿ ಹೆಚ್ಚು ಜನ ಸಾಯುತ್ತಾರೋ ಆ ರಾಜ್ಯಕ್ಕೆ ದಟ್ಟ ಬಣ್ಣ, ಕಡಿಮೆ ಸಾಯುವಲ್ಲಿ ತಿಳಿ ಬಣ್ಣ. ಕಾಯುವವರು ಬೇರೆ ಏನು ಮಾಡಬೇಕು? ಅಕ್ಕ ದಿನವಿಡೀ ಅದನ್ನೇ ನೋಡಿದಳು. ಕೊನೆಗೆ ಹುಡುಗನ ಹಾಗಿದ್ದ ಒಬ್ಬ ಡಾಕ್ಟರನ್ನು ತಡೆದು ನಿಲ್ಲಿಸಿದಳು.

"ಇದ್ರಾಗ ಲಕ್ಷ್ಮೇಶ್ವರ ಎಲ್ಲೈತ್ರಿ?"

"ಅದು ಕಾಣೂದಿಲ್ಲಮ್ಮಾ. ಇಡೀ ರಾಜ್ಯಕ್ಕ ಒಂದ ಬಣ್ಣ."

"ಮುಂಡರಗಿಗೂ ಇದ ಬಣ್ಣ?"

"ಹೂಂ."

"ಬೆಂಗಳೂರಿಗೂ?"

"ಹೂಂನಮ್ಮಾ."

"ಊರ ಮಂದಿ ಎಲ್ಲಾರ ಸಾರಿಗೂ ಒಂದ ಮುಟಿಗಿ ಉಪ್ಪು ಹಾಕಿದಂಗಾತು," ಎಂದಳು ಅಕ್ಕ. "ಯಾರದು ಸಪ್ಪಗ, ಯಾರದು ಉಪ್ಪುಪ್ಪು ಅಂತ ತಿಳಿಯೂದ ಹೆಂಗ?"

ಡಾಕ್ಟರು ನಕ್ಕರು. ಊರೂರಿಗೆ ಹೋಗಿ ಕೇಳುವವರು ಬೇಕಲ್ಲ, ಕೇಳಿದರೂ ಮನೆಯವರು ಬೇರೆ ಏನಾದರೂ ಹೇಳುತ್ತಾರೆ ಎಂದರು. ಪಾಪ, ತಾನು ಯಾರ ಮುಂದೆ ಆ ಮಾತು ಆಡುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ.

ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಗೆ ಬಂದಳು. ನಮ್ಮಪ್ಪನ ಕಾಲದ ಕೈಮಗ್ಗ ಮಾರಿ ಮಗ್ಗದ ಕೋಣೆ ಖಾಲಿ ಬಿದ್ದಿತ್ತು. ಅದರ ದೊಡ್ಡ ಗೋಡೆಯ ಮೇಲೆ, ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ, ಅಕ್ಕ ನಕಾಶೆ ಬರೆದಳು. ಅವಳ ನಕಾಶೆಯಲ್ಲಿ ದಿಕ್ಕು ಇರಲಿಲ್ಲ, ಬಸ್ಸಿನ ಹಾದಿ ಇತ್ತು. ನಡುವೆ ಗದಗ-ಬೆಟಗೇರಿ. ಅಲ್ಲಿಂದ ಮುಳಗುಂದದ ಮೇಲೆ ಲಕ್ಷ್ಮೇಶ್ವರ. ಒಂದು ಕಡೆ ಶಿರಹಟ್ಟಿ, ಇನ್ನೊಂದು ಕಡೆ ಮುಂಡರಗಿ. ಮುಳಗುಂದ ಗದಗಿಗಿಂತ ದೊಡ್ಡದಾಗಿತ್ತು, ಯಾಕೆಂದರೆ ಒಮ್ಮೆ ಅಲ್ಲಿ ಬಸ್ಸು ಕೆಟ್ಟು ಅಕ್ಕ ಅರ್ಧ ದಿನ ಕೂತಿದ್ದಳು. ಮಲ್ಲಸಮುದ್ರ ಬಿಟ್ಟೇಹೋಗಿತ್ತು, ಯಾಕೆಂದರೆ ಬಸ್ಸು ಹತ್ತಿ ಸೆರಗು ಸರಿಮಾಡಿಕೊಂಡು ಕೂಡುವಷ್ಟರಲ್ಲಿ ಅದು ಹಿಂದೆ ಹೋಗಿರುತ್ತಿತ್ತು. ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವನು, ನನಗೇ ಆ ನಕಾಶೆ ನೋಡಿ ನಾಚಿಕೆ ಬಂತು.

ಗುರುತು ಹಚ್ಚಲು ಏನು ಬೇಕು? ಅಕ್ಕ ತನ್ನ ಟ್ರಂಕಿನಿಂದ ಟಿಕಳಿ ಚೀಟಿಗಳನ್ನು ತೆಗೆದಳು, ಹಣೆಗೆ ಅಂಟಿಸಿಕೊಳ್ಳುವ ಕೆಂಪು ಟಿಕಳಿ. ಭಾವ ಸಂತೆಯಿಂದ ಬರುವಾಗಲೆಲ್ಲ ತಂದುಕೊಡುತ್ತಿದ್ದರಂತೆ, ಟ್ರಂಕಿನಲ್ಲಿ ಹಾಗೇ ಉಳಿದಿದ್ದವು. ಸತ್ತವರ ಊರಿನ ಮೇಲೆ ಒಬ್ಬರಿಗೆ ಒಂದು. ಮೊದಲನೆಯದನ್ನು ಲಕ್ಷ್ಮೇಶ್ವರದ ಮೇಲೆ ಒತ್ತಿ ಹಚ್ಚಿದಾಗ ನನ್ನ ಹೆಂಡತಿ ಬೇಡ ಎನ್ನಲು ಹೋದಳು. ಗಂಡ ಸತ್ತವರು ಟಿಕಳಿ ಮುಟ್ಟುವುದು ನೋಡಿದವರಿಗೆ ಸರಿ ಕಾಣುವುದಿಲ್ಲ ಎಂದಳು.

"ಹಣಿಗೆ ಬ್ಯಾಡಂದಾರ," ಎಂದಳು ಅಕ್ಕ. "ಗ್ವಾಡಿಗೆ ಬ್ಯಾಡಂದಿಲ್ಲ."

ಆಮೇಲೆ ಅಕ್ಕ ಸತ್ತವರ ಮನೆಗಳಿಗೆ ಹೋಗತೊಡಗಿದಳು. ಮಾತಾಡಿಸಿ ಬರಲು ಎಲ್ಲರೂ ಹೋಗುತ್ತಾರೆ, ಅದರಲ್ಲಿ ವಿಚಿತ್ರವಿಲ್ಲ. ಅಕ್ಕ ಗುರುತು ಇಲ್ಲದವರ ಮನೆಗೂ ಹೋಗುತ್ತಿದ್ದಳು. ಹೋಗಿ ಚೆನ್ನಾಗಿ ಅಳುತ್ತಿದ್ದಳು. ಶಿರಹಟ್ಟಿಯ ಒಂದು ಮನೆಯಲ್ಲಿ ಎಷ್ಟು ಅತ್ತಳೆಂದರೆ, ಈಕೆ ಯಾರು, ಸತ್ತವರಿಗೆ ಏನಾಗಬೇಕು ಎಂದು ಆ ಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಮೊಪೆಡ್ ಹತ್ತಿರ ನಿಂತವನು ಅಲ್ಲಿಂದ ಅಕ್ಕನನ್ನು ಕರೆದುಕೊಂಡು ಬಂದದ್ದಲ್ಲ, ಓಡಿಸಿಕೊಂಡು ಬಂದದ್ದು.

ಏನಾಗಿ ಹೋದರು ಎಂದು ಅವಳು ಕೇಳುತ್ತಿರಲಿಲ್ಲ. ಕೇಳಿದರೆ ಹಾರ್ಟ್ ಅನ್ನುತ್ತಾರೆ, ವಯಸ್ಸಾಗಿತ್ತು ಅನ್ನುತ್ತಾರೆ. ಬಾಯಿ ಕ್ಯಾನ್ಸರ್ ಅಂದರೆ ಆ ಮನೆಯ ಹೆಣ್ಣುಮಕ್ಕಳನ್ನು ಕೇಳಲು ಯಾರೂ ಬರುವುದಿಲ್ಲ ಎಂಬ ಅಂಜಿಕೆ ಜನಕ್ಕೆ. ಅದಕ್ಕೆ ಅಕ್ಕ ಬೇರೆ ಪ್ರಶ್ನೆ ಇಟ್ಟುಕೊಂಡಿದ್ದಳು: "ಕಡೀಕ ಏನು ಉಣತಿದ್ರು?" ಈ ಪ್ರಶ್ನೆಗೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ರೊಟ್ಟಿ ಬಿಟ್ಟು ಬಹಳ ದಿನ ಆಗಿತ್ತು ಯವ್ವಾ, ಗಂಜಿನೂ ಇಳೀತಿರಲಿಲ್ಲ, ಖಾರದ ವಾಸನಿ ಬಂದ್ರ ಕಣ್ಣಾಗ ನೀರು ತರತಿದ್ರು, ಮೂಗಿಗೆ ಪೈಪು ಹಾಕಿದ್ರು. ಹೇಳುತ್ತ ಹೇಳುತ್ತ ಅವರಿಗೇ ಅಳು ಬರುತ್ತಿತ್ತು. ಅಕ್ಕ ಅವರ ಕೈ ಹಿಡಿದು ಕೂಡುತ್ತಿದ್ದಳು. ಮನೆಗೆ ಬಂದು ಒಂದು ಟಿಕಳಿ ಹಚ್ಚುತ್ತಿದ್ದಳು.

ಅವಳ ಈ ಹುಚ್ಚಿನಿಂದ ಒಂದು ಮದುವೆಯೂ ತಪ್ಪಿತು. ನಮ್ಮ ಚಿಕ್ಕಪ್ಪನ ಮೊಮ್ಮಗಳನ್ನು ನೋಡಲು ಲಕ್ಷ್ಮೇಶ್ವರದಿಂದ ಗಂಡಿನ ಕಡೆಯವರು ಬಂದಿದ್ದರು. ಅವಲಕ್ಕಿ ಆಯಿತು, ಚಹಾ ಆಯಿತು. ಹುಡುಗಿಗೆ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಅವರು ಕೇಳಿದರು. ನೀವು ಏನಾದರೂ ಕೇಳುವುದಿದ್ದರೆ ಕೇಳಿರಿ ಎಂದು ಗಂಡಿನ ತಂದೆ ದೊಡ್ಡ ಮನಸ್ಸು ಮಾಡಿದರು. ಹಾಗೆ ಹೇಳಬಾರದಿತ್ತು.

"ತಮ್ಮಾ, ಮೂರು ಬೆರಳು ಬಾಯಾಗ ಇಡು ನೋಡೂಣು," ಎಂದಳು ಅಕ್ಕ, ಮದುಮಗನಾಗಬೇಕಿದ್ದ ಹುಡುಗನಿಗೆ.

ಹುಡುಗ ತಮಾಷೆ ಎಂದುಕೊಂಡು ಇಟ್ಟ. ಎರಡು ಬೆರಳಿಗೇ ನಿಂತಿತು. ಮೂರನೆಯದನ್ನು ತುರುಕಲು ಹೋಗಿ ಕಣ್ಣು ಕೆಂಪಗಾದವು. ಅವನ ತಾಯಿ ಎದ್ದು ನಿಂತರು. "ಎತ್ತಿನ ಹಲ್ಲು ನೋಡಾಕತ್ತೀರೇನು?" ಎಂದರು. "ಎತ್ತಿನ ಹಲ್ಲು ನೋಡೇ ತಗೋತಾರಲ್ರಿ," ಎಂದಳು ಅಕ್ಕ, ಬಹಳ ಸಮಾಧಾನದಿಂದ. ಬಂದ ಕಾರು ಹೋಯಿತು. ಚಿಕ್ಕಪ್ಪನ ಮನೆಯವರು ನಮ್ಮ ಜೊತೆ ಮಾತು ಬಿಟ್ಟರು. ಮುಂದೆ ಒಂದು ದಿನ ಆ ಹುಡುಗ ಒಬ್ಬನೇ ನಮ್ಮ ಮನೆಗೆ ಬಂದ. ಯಾವ ಡಾಕ್ಟರಿಗೆ ತೋರಿಸಬೇಕು ಎಂದು ಕೇಳಿಕೊಂಡು ಹೋದ. ಅಕ್ಕ ಇದನ್ನು ಯಾರ ಮುಂದೆಯೂ ಹೇಳಲಿಲ್ಲ. ಹೇಳಿದ್ದರೆ ಚಿಕ್ಕಪ್ಪನ ಮನೆಯವರು ಮತ್ತೆ ಮಾತಾಡುತ್ತಿದ್ದರೇನೋ.

ಇನ್ನು ನನ್ನ ಪಾಲಿನ ಕೆಲಸಕ್ಕೆ ಬರುತ್ತೇನೆ. ಲಕ್ಷ್ಮೇಶ್ವರ ಅಕ್ಕನ ಗಂಡನ ಊರು, ಶಿರಹಟ್ಟಿಯಲ್ಲಿ ನಮ್ಮ ಸೋದರತ್ತೆ ಇದ್ದಾಳೆ. ಆ ಕಡೆಯೆಲ್ಲ ಅಕ್ಕನೇ ತಿರುಗಿದಳು. ಮುಂಡರಗಿ ಕಡೆ ನನ್ನ ಹೆಂಡತಿಯ ತವರು. ತಮ್ಮನ ಬೀಗರ ಊರಿಗೆ ಕರೆಯದೆ ಹೋಗಬಾರದು ಎಂದು ಅಕ್ಕನ ಹಟ. ಇದೊಂದು ವಿಷಯದಲ್ಲಿ ಮಾತ್ರ ಅವಳು ಎಲ್ಲರಂತೆಯೇ ಇದ್ದಳು.

"ನೀನು ಆ ಕಡೆ ಅಳಿಯ," ಎಂದಳು. "ಎಲ್ಲಾರೂ ನಿನ್ನ ಒಳಗ ಕರೀತಾರ. ನಾ ಕೇಳೂದನ್ನ ನೀ ಕೇಳ್ಕೊಂಡು ಬಾ."

ನಾನು ನೂಲು, ಸೀರೆ ಹೊತ್ತು ಮೊಪೆಡ್ ಮೇಲೆ ತಿರುಗುವವನು. ಮುಂಡರಗಿ ಸಂತೆಗೆ ಹೋಗುವುದು ನನಗೆ ದೊಡ್ಡದಲ್ಲ. ಆದರೆ ಅಳಿಯನಾಗಿ ಹೋಗುವುದು ಬೇರೆ. ನಮ್ಮ ಕಡೆ ಅಳಿಯ ಬಂದ ಅಂದರೆ ಆ ಮನೆಗೆ ಬಂದಂತಲ್ಲ, ಇಡೀ ಓಣಿಗೆ ಬಂದಂತೆ. ಒಂದು ಮನೆಯಲ್ಲಿ ಹೋಳಿಗೆ, ಇನ್ನೊಂದು ಮನೆಯಲ್ಲಿ ಮಾದಲಿ, ಮೂರನೆಯ ಮನೆಯವರು ನಮ್ಮಲ್ಲಿ ಉಣ್ಣಲಿಲ್ಲ ಎಂದು ಸಿಟ್ಟು. ತುಪ್ಪ ಬಡಿಸುತ್ತಿರುವ ಹೆಂಗಸನ್ನು ಹಿಡಿದು, ನಿಮ್ಮ ಮನೆಯಲ್ಲಿ ಸತ್ತವರು ಕೊನೆಗೆ ಏನು ಉಣ್ಣುತ್ತಿದ್ದರು ಎಂದು ಹೇಗೆ ಕೇಳುವುದು? ಮೊದಲ ಸಲ ಹೋದಾಗ ನಿಜಕ್ಕೂ ಕೇಳಬೇಕೆಂದೇ ಹೋಗಿದ್ದೆ. ಪ್ರಶ್ನೆ ಗಂಟಲವರೆಗೂ ಬಂತು, ಅದರ ಮೇಲೆ ಹೋಳಿಗೆ ಇಳಿಯಿತು. ಉಂಡು ಮಲಗಿದೆ. ಎದ್ದು ಚಹಾ ಕುಡಿದು ಮನೆಗೆ ಬಂದೆ.

"ಎಷ್ಟು ಮಂದಿ?" ಎಂದಳು ಅಕ್ಕ, ಕೈಯಲ್ಲಿ ಟಿಕಳಿ ಚೀಟಿ ಹಿಡಿದು.

"ಯಾರೂ ಇಲ್ಲ," ಎಂದೆ.

"ಒಬ್ಬರೂ?"

"ಒಬ್ಬರೂ ಇಲ್ಲಕ್ಕಾ. ಆ ಕಡೆ ಎಲ್ಲಾ ಗಟ್ಟಿ ಮಂದಿ."

ಅವಳ ಮುಖದ ಮೇಲೆ ಎಂಥ ಖುಷಿ ಬಂತು ಅಂದರೆ, ಆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮುಂದೆ ಹೋದಾಗಲೆಲ್ಲ ಅದೇ ಹೇಳಿದೆ. ಪಕ್ಕದ ಹಳ್ಳಿಗಳಿಗೂ ಹೋಗಿ ಬಂದೆ ಎಂದು ಹೇಳಿದೆ. ಅಕ್ಕನ ಗೋಡೆಯ ಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಸಿಡುಬು ಎದ್ದಂತೆ ಕೆಂಪು. ಮುಂಡರಗಿ ಕಡೆ ಬರೀ ಸುಣ್ಣ.

ಯಾಕೆ ಹೀಗೆ ಎಂದು ಅಕ್ಕನಿಗೆ ನಿದ್ದೆ ಬರಲಿಲ್ಲ. ಶಿರಹಟ್ಟಿಯಲ್ಲಿ ಬಸ್ಸು ತಡವಾಗುತ್ತದೆ, ಕಾಯುವ ಗಂಡಸರು ಸುಮ್ಮನೆ ಕೂಡಲಾರದೆ ಗುಟಕಾ ಹಾಕುತ್ತಾರೆ ಎಂದಳು. ಮುಂಡರಗಿ ಬಸ್ಸೇನು ಹೊತ್ತಿಗೆ ಬರುತ್ತದೆಯೇ ಎಂದು ನನ್ನ ಹೆಂಡತಿ ಕೇಳಿದಳು. ಹಾಗಾದರೆ ಗಾಳಿ ಎಂದಳು ಅಕ್ಕ. ಕಪ್ಪತಗುಡ್ಡದ ಗಿಡಮೂಲಿಕೆ ಹಾದು ಬರುವ ಗಾಳಿ. ಗುಡ್ಡದ ಗಾಳಿ ಶಿರಹಟ್ಟಿಗೂ ಬೀಸುತ್ತದಲ್ಲ? ಹಾಗಾದರೆ ನೀರು. ತುಂಗಭದ್ರೆಯ ನೀರು. ಅಲ್ಲಿಗೆ ಅಕ್ಕ ನಿಂತಳು. ಅಂದಿನಿಂದ ಮುಂಡರಗಿಗೆ ಹೋದಾಗಲೆಲ್ಲ ಒಂದು ದೊಡ್ಡ ಕ್ಯಾನಿನಲ್ಲಿ ನೀರು ತುಂಬಿಸಿಕೊಂಡು ಬರುವ ಕೆಲಸವೂ ನನಗೆ ಬಿತ್ತು. ಗದಗ ನಗರಕ್ಕೆ ಬರುವುದೂ ಅದೇ ನದಿಯ ನೀರು ಎಂದರೆ, "ಪೈಪಿನ್ಯಾಗ ಬಂದು ಅದರ ಜೀವಾ ಹೋಗಿರ್ತದ" ಎಂದಳು. ನನ್ನ ಸುಳ್ಳನ್ನು ನಾನು ಮೊಪೆಡ್ ಹಿಂದೆ ಕಟ್ಟಿಕೊಂಡು, ಉಬ್ಬು ಬಂದಲ್ಲೆಲ್ಲ ಬೆನ್ನಿಗೆ ತಟ್ಟಿಸಿಕೊಳ್ಳುತ್ತ ಹೊತ್ತು ತಂದೆ. ಓಣಿಯವರು ಬಟ್ಟಲು ಹಿಡಿದು ಬಂದು ಔಷಧಿಯಂತೆ ಕುಡಿದರು.

ಇಲ್ಲಿಯವರೆಗೆ ನಗಬಹುದು. ನಾನೂ ಒಳಗೊಳಗೆ ನಗುತ್ತಿದ್ದೆ.

ಹುಬ್ಬಳ್ಳಿಯ ಆ ಎಳೆಯ ಡಾಕ್ಟರನ್ನು ಅಕ್ಕ ಬಿಟ್ಟಿರಲಿಲ್ಲ. ಫೋನು ಮಾಡಿ ಮಾಡಿ ಅವರನ್ನು ಒಂದು ದಿನ ಗೋಡೆ ನೋಡಲು ಕರೆಸಿದಳು. ಅವರು ಮೊದಲು ಮೂರು ಬೆರಳು ಬಾಯಲ್ಲಿ ಇಟ್ಟು ತೋರಿಸಿದರು, ಆಮೇಲೆ ಚಹಾ ಕುಡಿದರು, ಆಮೇಲೆ ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ನಗಲಿಲ್ಲ. ಯಾರೋ ದಾನಿಗಳು ಬಾಯಿ ತಪಾಸಣೆಗೆ ಒಂದು ಗಾಡಿ ಕೊಟ್ಟಿದ್ದಾರೆ, ಭಾನುವಾರಗಳಲ್ಲಿ ತಾವು ಅದನ್ನು ತೆಗೆದುಕೊಂಡು ಹಳ್ಳಿಗೆ ಹೋಗುತ್ತೇವೆ, ಆದರೆ ಎಲ್ಲ ಕಡೆ ಹೋಗಲು ಆಗುವುದಿಲ್ಲ ಎಂದರು. "ನೀವ ಹೇಳ್ರಿ ಅಮ್ಮಾ, ಎಲ್ಲಿ ಹೋಗೂಣು?"

ಅಕ್ಕ ಕೋಲು ತೆಗೆದುಕೊಂಡು ಲಕ್ಷ್ಮೇಶ್ವರ ತೋರಿಸಿದಳು, ಶಿರಹಟ್ಟಿ ತೋರಿಸಿದಳು, ನಡುವಿನ ಹಳ್ಳಿಗಳನ್ನು ತೋರಿಸಿದಳು.

"ಮತ್ತ ಈ ಕಡೆ?" ಡಾಕ್ಟರು ಖಾಲಿ ಸುಣ್ಣದ ಕಡೆ ನೋಡಿದರು. "ಇಲ್ಲೆ ಖರೇನ ಯಾರೂ ಇಲ್ಲೇನು?"

"ನನ್ನ ತಮ್ಮ ಮನಿ ಮನಿ ಕೇಳ್ಯಾನ್ರಿ," ಎಂದಳು ಅಕ್ಕ. "ಅವ ಸುಳ್ಳು ಹೇಳಾಂವಲ್ಲ. ಮುಂಡರಗಿ ಕಡೆ ಸದ್ಯ ಬ್ಯಾಡ್ರಿ."

ಡಾಕ್ಟರು ನನ್ನ ಮುಖ ನೋಡಿದರು. ಅಕ್ಕನ ಗೋಡೆಯ ಮೇಲೆ ಟಿಕಳಿ ಬಿದ್ದದ್ದು ಜನ ಸತ್ತಲ್ಲಿ ಅಲ್ಲ, ಅಕ್ಕ ಕೇಳಿದಲ್ಲಿ. ಆ ಮಾತು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆಗ ಹೇಳಿದ್ದರೆ ಒಂದಿಷ್ಟು ಬೈಸಿಕೊಳ್ಳುತ್ತಿದ್ದೆ, ಅಷ್ಟೇ. ನಾನು "ಹೌದ್ರಿ" ಎಂದೆ.

ಗಾಡಿ ಲಕ್ಷ್ಮೇಶ್ವರ ಕಡೆ ಹೋಯಿತು. ಒಳ್ಳೆಯದೇ ಆಯಿತು, ಕೆಲವರಿಗೆ ಬೇಗ ಗೊತ್ತಾಯಿತು. ಮುಂಡರಗಿ ಕಡೆ ಹೋಗಲಿಲ್ಲ.

ನನ್ನ ಮಾವ, ಹೆಂಡತಿಯ ತಂದೆ, ನನ್ನನ್ನು ಮಗನಿಗಿಂತ ಹೆಚ್ಚು ಮಾಡಿದವರು. ನನ್ನ ಊಟ ಮುಗಿಯುವುದನ್ನು ಕಾದು, ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಾವೇ ತಿಕ್ಕಿ, ಅರ್ಧ ನನ್ನ ಕೈಗೆ ಹಾಕಿ ಅರ್ಧ ತಾವು ಇಟ್ಟುಕೊಳ್ಳುತ್ತಿದ್ದರು. ಅದು ಅವರು ಮಾಡುವ ಮುದ್ದು. ಆ ವರ್ಷ ನಾನು ಹೋದಾಗ ಅವರು ಪಂಕ್ತಿಗೆ ಕೂಡಲಿಲ್ಲ. ಎದುರಿಗೆ ಗೋಡೆಗೆ ಆತು ಕೂತು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಹಾಕಿ, ಬೆರಳಿನಿಂದ ಹಿಸುಕಿ ಹಿಸುಕಿ ಕುಡಿಯುತ್ತಿದ್ದರು.

"ಯಾಕ್ ಮಾವಾ, ಹೋಳಿಗಿ ಬ್ಯಾಡೇನು?"

"ಹಲ್ಲು ನೋವೋ ಮಾರಾಯಾ. ಖಾರ ತಾಗಿದ್ರ ಉರೀತದ."

"ಕೀಳಿಸಿಬಿಡ್ರಿ ಅದನ್ನ," ಎಂದೆ. ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಕಡೀಕ ಏನು ಉಣತಿದ್ರು ಎಂದು ಕೇಳಿಕೊಂಡು ಬಾ ಎಂದು ಅಕ್ಕ ಕಳಿಸಿದ್ದು ನನ್ನನ್ನು. ಕೇಳುವುದೂ ಬೇಕಿರಲಿಲ್ಲ, ಕಣ್ಣೆದುರಿಗೆ ಉಣ್ಣುತ್ತಿದ್ದರು.

ಹುಬ್ಬಳ್ಳಿಗೆ ಕರೆದೊಯ್ದಾಗ ಹುಣ್ಣು ದವಡೆಗೆ ಇಳಿದಿತ್ತು. ಸ್ವಲ್ಪ ಮೊದಲು ಬಂದಿದ್ದರೆ ಎಂದು ಆ ಡಾಕ್ಟರೇ ಹೇಳಿದರು. ಅಕ್ಕನಿಗೆ ಖಬರ ಮುಟ್ಟಿಸಿದೆ. ಅವಳು ಮಗ್ಗದ ಕೋಣೆಗೆ ಹೋಗಿ ಗೋಡೆಯ ಮುಂದೆ ನಿಂತಳು.

"ಅಲ್ಲೆ ನೀರು ಚಲೋ ಐತೆಲ್ಲೋ ತಮ್ಮಾ," ಎಂದಳು. "ನೀರು ಕೆಟ್ಟಿತೇನು? ಗಾಳಿ ಬದಲಾತೇನು?"

ನೀರಿನ ಮೇಲೆ ಅನುಮಾನ ಪಟ್ಟಳು, ಗಾಳಿಯ ಮೇಲೆ ಪಟ್ಟಳು. ತನ್ನ ನಕಾಶೆಯಲ್ಲಿ ಊರು ಆ ಕಡೆ ಈ ಕಡೆ ಆಗಿದೆಯೋ ಎಂದು ಬಸ್ಸಿನ ಹಾದಿಗಳನ್ನು ಬೆರಳಿನಿಂದ ಮತ್ತೆ ಮತ್ತೆ ಎಳೆದು ನೋಡಿದಳು. ನನ್ನ ಮೇಲೆ ಮಾತ್ರ ಅನುಮಾನ ಪಡಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಬೇಕು ಅಂದುಕೊಂಡೆ. ಮಾವ ಗುಣವಾಗಿ ಬರಲಿ, ಆಮೇಲೆ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮಾವ ಗುಣವಾಗಲಿಲ್ಲ.

ಅವರು ತೀರಿಕೊಂಡ ಮೇಲೆ ಅಕ್ಕ ಮೊದಲ ಸಲ ನನ್ನ ಬೀಗರ ಊರಿಗೆ ಬಂದಳು. ಸಾವಿನ ಮನೆಗೆ ಹೋಗಲು ಕರೆ ಬೇಕಿಲ್ಲ. ನನ್ನ ಹಿಂದೆ ಮೊಪೆಡ್ ಮೇಲೆ ಕೂತು ಬಂದಳು. ಒಳಗೆ ಹೆಂಗಸರ ನಡುವೆ ನನ್ನ ಅತ್ತೆ ಕೂತಿದ್ದಳು, ಪಕ್ಕದಲ್ಲಿ ನನ್ನ ಹೆಂಡತಿ. ಪಡಸಾಲೆಯಲ್ಲಿ ಗಂಡಸರು. ಹಲ್ಲು ನೋವು ಅಂತಿದ್ದರು, ಹಲ್ಲು ನೋವಿಗೆ ಯಾರಾದರೂ ಸಾಯುತ್ತಾರೇನು ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅಕ್ಕ ಈಗ ತನ್ನ ಪ್ರಶ್ನೆ ಕೇಳುತ್ತಾಳೆ ಎಂದು ನಾನು ಅಂಜಿ ಕಾದೆ. ಅವಳು ಕೇಳಲಿಲ್ಲ. ಅಳಲೂ ಇಲ್ಲ. ಗುರುತಿಲ್ಲದವರ ಮನೆಯಲ್ಲಿ ಅಷ್ಟು ಅಳುತ್ತಿದ್ದವಳು ಇಲ್ಲಿ ಒಣಗಿದ ಕಣ್ಣಲ್ಲಿ ಹೋಗಿ ಅತ್ತೆಯ ಮುಂದೆ ಕೂತು, ಅವಳ ಎರಡೂ ಪಾದ ಮುಟ್ಟಿದಳು. ಅತ್ತೆ ಗಾಬರಿಯಾಗಿ ಕಾಲು ಹಿಂದೆಳೆದುಕೊಂಡಳು.

"ತಪ್ಪು ನಂದೈತಿ ಬೀಗತಿ," ಎಂದಳು ಅಕ್ಕ. "ನಾನು ಶಾಣ್ಯಾಕಿ ಅಂತ ತಿಳ್ಕೊಂಡಿದ್ದೆ. ತಪಾಸಣಿ ಗಾಡಿ ಈ ಕಡೆ ಬರಾಕ ತಯಾರಿತ್ತು. ನಾನ ಬ್ಯಾಡಂದೆ. ನನ್ನ ಗ್ವಾಡಿ ನೋಡಿ ನಾನ ಬ್ಯಾಡಂದೆ. ಬಂದಿದ್ರ ನಿನ್ನ ಮನಿಯವರು ಇರ್ತಿದ್ರು. ನೀ ಬೈದರ ಬೈ, ಹೊಡದ್ರ ಹೊಡಿ. ನನಗ ಕ್ಷಮಾ ಮಾಡಂತ ಕೇಳೂ ಬಾಯಿ ಇಲ್ಲ."

ಯಾವ ಗೋಡೆ, ಯಾವ ಗಾಡಿ ಎಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಈಕೆಗೆ ತಲೆ ಸರಿಯಿಲ್ಲ ಎಂದು ಯಾರೋ ಪಿಸುಗುಟ್ಟಿದರು. ನನ್ನ ಹೆಂಡತಿ ನನ್ನ ಕಡೆ ನೋಡಿದಳು, ಅಕ್ಕನನ್ನು ಎಬ್ಬಿಸು ಎನ್ನುವಂತೆ. ನಾನು ಎದ್ದೆ. ಹೆಂಗಸರ ನಡುವೆ ಹೋಗಿ, ಅಕ್ಕನನ್ನು ಎಬ್ಬಿಸುವ ಬದಲು ಅವಳ ಪಕ್ಕದಲ್ಲೇ ನೆಲಕ್ಕೆ ಕೂತೆ.

"ಅಕ್ಕಾ, ನಿಂದಲ್ಲ ತಪ್ಪು," ಎಂದೆ. "ನಾ ಯಾರನ್ನೂ ಕೇಳಿಲ್ಲ. ಈ ಊರಾಗ ಒಂದು ಮನ್ಯಾಗೂ ಕೇಳಿಲ್ಲ. ಉಂಡು, ಮಲಗಿ, ಯಾರೂ ಇಲ್ಲಂತ ಬಂದು ನಿನಗ ಹೇಳಿದೆ. ಡಾಕ್ಟರ್ ಕೇಳಿದಾಗೂ ಸುಳ್ಳು ಹೇಳಿದೆ. ಮಾವ ನನ್ನ ಎದುರಿಗೇ ಹಾಲಾಗ ರೊಟ್ಟಿ ಹಿಸುಕತಿದ್ರು. ನಾ ನೋಡಿದೆ. ನೋಡಿ ಸುಮ್ಮನ ಉಂಡೆ. ಅತ್ತೀ, ನನ್ನಿಂದ ತಪ್ಪಾತು. ಅಕ್ಕಾ, ತಪ್ಪಾತು."